ಕ್ಯೂ ನೋಡಿದ್ಮೇಲೇ ಜೇಬಿಗೆ ಕೈ ಹೋಗೋದು

ಬೆಂಗಳೂರಿನ ಹತ್ರ ಒಂದು ಅಮ್ಯೂಸ್‌ಮೆಂಟ್ ಪಾರ್ಕಲ್ಲಿ (ಹೆಸರು ಬೇಡ ಬಿಡಿ) ಮೂರು ವರ್ಷ ಟಿಕೆಟ್ ಕೌಂಟರ್ ನೋಡ್ಕೋತಿದ್ದೆ, ಫಾಸ್ಟ್‌ಟ್ರ್ಯಾಕ್ (ಜಾಸ್ತಿ ದುಡ್ಡು ಕೊಟ್ಟು ಕ್ಯೂ ತಪ್ಪಿಸ್ಕೊಳ್ಳೋ ಪಾಸ್) ಮಾರೋ ಕೆಲಸನೂ ನನ್ನ ತಲೆಗೇ ಕಟ್ಟಿದ್ರು. ಬೆಳಗ್ಗೆ ಗೇಟಲ್ಲಿ "ಸರ್, ಇದು ತಗೊಂಡ್ರೆ ಕ್ಯೂ ನಿಲ್ಲೋದೇ ಬೇಡ" ಅಂತ ಗಂಟಲು ಹರ್ಕೊಂಡ್ರೂ ಯಾರೂ ಕ್ಯಾರೇ ಅಂತಿರ್ಲಿಲ್ಲ. ಐದು ಜನದ ಫ್ಯಾಮಿಲಿ, ಎಂಟ್ರಿಗೇ ಸಾವಿರಗಟ್ಲೆ ಹೋಗಿದೆ, ಯಜಮಾನ್ರು ಊಟ, ಪೆಟ್ರೋಲು ಎಲ್ಲಾ ಮನಸ್ಸಲ್ಲೇ ಲೆಕ್ಕ ಹಾಕ್ತಾ ನಿಂತಿರ್ತಾರೆ, ಅಷ್ಟೊತ್ತಿಗೆ ನಾವು ಇನ್ನೂ ಬಿಚ್ಚಿ ಅಂದ್ರೆ? "ನಿಂತ್ಕೋತೀವಿ ಬಿಡಪ್ಪ, ಅದಕ್ಕೇನು" ಅಂತ ಹೊರಟೇ ಹೋಗೋರು.

ಆಮೇಲೆ ನಾನೇ ಟೇಬಲ್ ಎತ್ಕೊಂಡ್ಹೋಗಿ ಒಳಗೆ ದೊಡ್ಡ ರೋಲರ್ ಕೋಸ್ಟರ್ ಪಕ್ಕ ಹಾಕಿಸ್ದೆ, ಬೆಳಗ್ಗೆ ಎಂಟ್ರಿಗೆ ಕೊಟ್ಟ ದುಡ್ಡು ಕಳೆದು ವ್ಯತ್ಯಾಸ ಮಾತ್ರ ಕಟ್ಟಿ ಅಂತ ಬೋರ್ಡೂ ಹಾಕ್ದೆ. ಹನ್ನೆರಡು ಗಂಟೆಗೆ ಬಿಸಿಲು ನೆತ್ತಿಗೆ ಬಂದಾಗ ಶುರುವಾಯ್ತು ನೋಡಿ ವ್ಯಾಪಾರ. ಬೆಳಗ್ಗೆ "ಇದೆಲ್ಲಾ ಲೂಟಿ" ಅಂತ ಬೈದಿದ್ದೋರೇ ನಿದ್ದೆ ಮಾಡ್ತಿರೋ ಮಗುನ ಹೆಗಲ ಮೇಲೆ ಹಾಕ್ಕೊಂಡು ಬಂದು "ನಾಲ್ಕು ಕೊಡಪ್ಪ" ಅಂದ್ರು. ಕಾಲೇಜ್ ಹುಡುಗರು ಮಾತ್ರ ಯಾವತ್ತೂ ತಗೊಂಡಿಲ್ಲ, ಅವರಿಗೆ ಕ್ಯೂನೂ ಒಂದು ರೈಡೇ.

ಆದ್ರೆ ಮಾರಿದಷ್ಟೂ ಲಾಭ ಅನ್ನೋದು ಸುಳ್ಳು. ಒಂದು ಕೋಸ್ಟರ್‌ಗೆ 24 ಸೀಟು, ಮೂರು ನಿಮಿಷಕ್ಕೊಂದು ಟ್ರಿಪ್ ಅಂದ್ಕೊಳ್ಳಿ, ಗಂಟೆಗೆ 480 ಜನ. ಅದ್ರಲ್ಲಿ 120 ಸೀಟು ಫಾಸ್ಟ್‌ಟ್ರ್ಯಾಕ್‌ಗೆ ಹೋದ್ರೆ ಮಿಕ್ಕಿದ್ದು 360, ಒಂದು ಗಂಟೆಲಿ ಮುಗೀಬೇಕಿದ್ದ ಕ್ಯೂ 80 ನಿಮಿಷ ಆಗುತ್ತೆ. ಸೀಟೇನು ಹುಟ್ಕೊಳ್ಳಲ್ಲ, ಒಬ್ಬರ ಟೈಮ್ ಕಿತ್ತು ಇನ್ನೊಬ್ಬರಿಗೆ ಮಾರ್ತೀವಿ ಅಷ್ಟೇ. ಒಂದು ಶನಿವಾರ ಯಾವುದೋ ಕಂಪನಿ ಔಟಿಂಗ್‌ನೋರು ಎಲ್ಲರಿಗೂ ಅದೇ ಪಾಸ್ ತಗೊಂಡ್ರು, ಆ ಕಡೆ ಕ್ಯೂಲಿ "ನಾವೇನು ಬಿಟ್ಟಿ ಬಂದಿದೀವಾ?" ಅಂತ ಗಲಾಟೆ, ಈ ಕಡೆ ಪಾಸ್‌ನೋರೂ "ಇದೇನ್ರೀ ಫಾಸ್ಟು" ಅಂತ ಕೂಗಾಟ. ಅವತ್ತಿಂದ ದಿನಕ್ಕೆ ಇಷ್ಟೇ ಅಂತ ಲಿಮಿಟ್ ಹಾಕಿಸ್ದೆ, ಮ್ಯಾನೇಜರ್ ಮುಖ ಊದಿಸ್ಕೊಂಡ್ರು, ಇರ್ಲಿ.

ಮ್ಯಾನೇಜರ್ ಯಾವಾಗ್ಲೂ ಡಿಸ್ನಿ ಉದಾಹರಣೆನೇ ಕೊಡೋರು. ಫ್ಲೋರಿಡಾದ ಡಿಸ್ನಿಲಿ 1999ರಿಂದ ಫಾಸ್ಟ್‌ಪಾಸ್ ಫ್ರೀ ಇತ್ತು, 2021ರಲ್ಲಿ ಅದನ್ನ ತೆಗೆದು ದಿನಕ್ಕೆ 15 ಡಾಲರ್‌ನಿಂದ ದುಡ್ಡಿನ ಪಾಸ್ ಶುರು ಮಾಡಿದ್ರು, 2024ಕ್ಕೆ ಪ್ರೀಮಿಯರ್ ಪಾಸ್ ಬಂತು, ರಶ್ ದಿನ ತಲೆಗೆ 449 ಡಾಲರ್‌ವರೆಗೂ. ಸರಿ, ಆದ್ರೆ ಅಲ್ಲಿಗೆ ಜನ ವಿಮಾನ ಹತ್ತಿ, ಹೋಟೆಲ್ ಹಾಕ್ಕೊಂಡು ಬಂದಿರ್ತಾರೆ, ಒಂದು ದಿನ ಹಾಳಾದ್ರೆ ಅವರಿಗೆ ಲಾಸು ದೊಡ್ಡದು. ನಮ್ಮೋರು ಸಂಜೆ ಮನೆಗೆ ಹೋಗ್ತಾರೆ, ರೈಡ್ ತಪ್ಪಿದ್ರೆ ಮುಂದಿನ್ಸಲ ನೋಡ್ಕೊಳ್ಳೋಣ ಅಂತಾರೆ.

ನನಗೆ ಆಶ್ಚರ್ಯ ಆಗಿದ್ದು ಬೇರೆದು. ಪ್ರತಿ ಫ್ಯಾಮಿಲಿಲೂ ರೈಡ್ ಹತ್ತದೆ ಬ್ಯಾಗು, ಚಪ್ಪಲಿ ಕಾಯ್ತಾ ಕೂರೋ ಒಬ್ಬ ಅಜ್ಜಿ ಇದ್ದೇ ಇರ್ತಾರೆ. ವೇವ್‌ಪೂಲ್ ಪಕ್ಕ ನೆರಳು, ಫ್ಯಾನು, ಒರಗೋ ಕುರ್ಚಿ, ಲಾಕರ್ ಇರೋ ಸಣ್ಣ ಚಪ್ಪರ ಬಾಡಿಗೆಗೆ ಇಟ್ವಿ. ಅದು ಮಾತ್ರ ಬೆಳಗ್ಗೆ ಗೇಟಲ್ಲೇ ಹೋಗ್ತಿತ್ತು, ತನಗೆ ಅಂತ ನೂರು ರೂಪಾಯಿ ಬಿಚ್ಚದ ಯಜಮಾನ್ರು "ಅಮ್ಮ ಬಿಸಿಲಲ್ಲಿ ಕೂರಕ್ಕಾಗಲ್ಲ" ಅಂತ ಚೌಕಾಸಿನೂ ಮಾಡದೆ ತಗೊಳ್ಳೋರು. ಮೊದಲ ವಾರನೇ ಒಬ್ಬರು ಅಜ್ಜಿ ನನ್ನ ಕರೆದು "ಎಲ್ಲಾ ಚೆನ್ನಾಗಿದೆ ಕಣಪ್ಪ, ಒಂದು ಲೋಟ ಬಿಸಿ ಕಾಫಿ ಇಡ್ಬಾರ್ದಿತ್ತಾ" ಅಂದ್ರು. ಮುಂದಿನ ತಿಂಗಳಿಂದ ಅದನ್ನೂ ಸೇರಿಸಿದ್ವಿ.