ಬಾಲ್ ಪೈಥಾನ್ ಮರಿ ಕೊನೆಗೂ ಇಲಿ ಹಿಡಿಯಿತು

ಮನೆಗೆ ತಂದ ಬಾಲ್ ಪೈಥಾನ್ (ಸಾಕುವ ಒಂದು ಬಗೆಯ ಸಣ್ಣ ಹೆಬ್ಬಾವು) ಮರಿ ಮೂರು ವಾರ ಏನನ್ನೂ ತಿನ್ನಲಿಲ್ಲ. ತಪ್ಪು ನನ್ನದೇ. ದಿನವೂ ಕೈಗೆತ್ತಿಕೊಳ್ಳುತ್ತಿದ್ದೆ, ಎರಡು ದಿನಕ್ಕೊಮ್ಮೆ ಇಲಿ ತೋರಿಸುತ್ತಿದ್ದೆ. ಹೆದರಿದ ಮರಿ ಚೆಂಡಿನಂತೆ ಸುರುಳಿ ಸುತ್ತಿ ತಲೆ ಅಡಗಿಸುತ್ತಿತ್ತು.

ಅದರ ಗೂಡಿನೊಳಗೆ ಮೊದಲಿದ್ದ ಅಡಗುತಾಣ ತೀರಾ ವಿಶಾಲವಾಗಿತ್ತು. ಅದೇ ಮುಖ್ಯ ಕಾರಣವೆಂದು ಈಗ ಅನ್ನಿಸುತ್ತದೆ. ಮೈಗೆ ತಾಗುವಷ್ಟು ಇಕ್ಕಟ್ಟಾದ ಎರಡನ್ನು ಇಟ್ಟೆ: ಬೆಚ್ಚಗಿನ ತುದಿಯಲ್ಲೊಂದು, ತಂಪು ತುದಿಯಲ್ಲೊಂದು. ಶಾಖ ನಿಯಂತ್ರಿಸುವ ಥರ್ಮೋಸ್ಟಾಟ್ ಹಾಕಿ ಒಂದೆಡೆ 32, ಇನ್ನೊಂದೆಡೆ 26 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಂಡೆ. ಏಳು ದಿನ ನೀರು ಬದಲಿಸಿದ್ದು ಬಿಟ್ಟರೆ ಹತ್ತಿರವೂ ಹೋಗಲಿಲ್ಲ. ಅದೇ ನನಗೆ ಅತಿ ಕಷ್ಟವಾದದ್ದು.

ಎಂಟನೆಯ ರಾತ್ರಿ, ಹಾವಿನ ಮೈಯಷ್ಟೇ ದಪ್ಪದ, ಹೆಪ್ಪುಗಟ್ಟಿಸಿಟ್ಟು ಕರಗಿಸಿದ ಸತ್ತ ಇಲಿಮರಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಇಕ್ಕಳದಿಂದ ಹಿಡಿದೆ. ತುಟಿಯ ಗುಳಿಗಳಿಂದ ಶಾಖ ಗ್ರಹಿಸುವ ಹಾವಿಗೆ ತಣ್ಣನೆಯ ಇಲಿ ಬೇಟೆಯೆನ್ನಿಸುವುದು ಕಷ್ಟ. ಈ ಬಾರಿ ತಟ್ಟನೆ ಎರಗಿ ಸುತ್ತಿಕೊಂಡಿತು! ನಂತರ 48 ಗಂಟೆ ಕೈ ಹಾಕಲಿಲ್ಲ.