ಹೆಸರು ಉದ್ದವಾಗಿದ್ದಕ್ಕೆ ಹೋಗದ ಕಾಲ್

ಎರಡು ಆಫೀಸು, ಎರಡು ಐಪಿ ಪಿಬಿಎಕ್ಸ್ (ನೆಟ್‌ವರ್ಕ್ ಮೇಲೆ ನಡೆಯುವ ಆಫೀಸಿನ ಫೋನ್ ಎಕ್ಸ್‌ಚೇಂಜ್), ನಡುವೆ ವಿಪಿಎನ್ ಎಂಬ ಖಾಸಗಿ ಟನಲ್ ಮೇಲೆ ಒಂದು ಸಿಪ್ ಟ್ರಂಕ್, ಅಂದರೆ ಎರಡನ್ನೂ ಜೋಡಿಸುವ ಕಾಲ್ ದಾರಿ. ಎರಡನ್ನೂ ನೋಡಿಕೊಳ್ಳುವವನು ನಾನೇ. ಒಂದು ದಿನ ಅಕೌಂಟ್ಸ್‌ನವರು "ಬ್ರಾಂಚಿಗೆ ಫೋನೇ ಹೋಗ್ತಿಲ್ಲ" ಅಂದರು. ರಿಸೆಪ್ಷನ್ ಫೋನಿನಿಂದ ಮಾಡಿ ನೋಡಿದೆ, ಮೊದಲ ರಿಂಗಿಗೇ ಎತ್ತಿದರು. ಬ್ರಾಂಚಿನಿಂದ ಅಕೌಂಟ್ಸ್‌ಗೆ ಮಾಡಿಸಿದೆ, ಅದೂ ಬಂತು. ಅಕೌಂಟ್ಸ್‌ನಿಂದ ಮಾಡಿದರೆ ಮಾತ್ರ ಅರ್ಧ ನಿಮಿಷ ಮೌನ, ಆಮೇಲೆ ಎಂಗೇಜ್ ಟೋನ್.

ಕೇಬಲ್ ಬದಲಿಸಿದೆ, ಫೋನ್ ಬದಲಿಸಿದೆ, ಯಾವ ನಂಬರು ಎಲ್ಲಿಗೆ ಹೋಗಬೇಕೆಂಬ ಡಯಲ್ ಪ್ಲಾನ್ ಮೂರು ಸಲ ಓದಿದೆ. ಅರ್ಧ ದಿನ ದಂಡ. ಕೊನೆಗೆ ಅವರ ಎಕ್ಸ್‌ಟೆನ್ಷನ್ನನ್ನು ನನ್ನ ಫೋನಿಗೇ ಹಾಕಿಕೊಂಡೆ. ಅಲ್ಲೂ ಅದೇ ಗೋಳು. ಹಾಗಾದರೆ ಫೋನಿನದಲ್ಲ, ಆ ಎಕ್ಸ್‌ಟೆನ್ಷನ್ನಿನದೇ ತಕರಾರು.

ಆ ಮೌನವನ್ನು ಗಡಿಯಾರ ಹಿಡಿದು ಅಳೆದೆ: 32 ಸೆಕೆಂಡ್. ಇದನ್ನು ಮೊದಲೇ ಮಾಡಬೇಕಿತ್ತು. ಆಚೆಯ ಪಿಬಿಎಕ್ಸ್ ಬೇಡ ಅನ್ನುವುದಾದರೆ 403, 404, 488 ಹೀಗೆ ಏನಾದರೊಂದು ನಿರಾಕರಣೆಯ ಕೋಡ್ ತಕ್ಷಣ ಹೇಳುತ್ತದೆ. 32 ಸೆಕೆಂಡ್ ಅಂದರೆ ಉತ್ತರವೇ ಬಂದಿಲ್ಲ. ತಲುಪಿತೇ ಎಂದು ತಾನಾಗಿ ನೋಡದ ಯುಡಿಪಿ ಎಂಬ ಸಾಗಣೆ ವಿಧಾನದಲ್ಲಿ ಇನ್ವೈಟ್ (ಕಾಲ್ ಶುರುಮಾಡುವ ಸಂದೇಶ) ಕಳಿಸಿದ ಪಿಬಿಎಕ್ಸ್ ಅರ್ಧ, ಒಂದು, ಎರಡು, ನಾಲ್ಕು ಸೆಕೆಂಡ್ ಹೀಗೆ ಅಂತರ ದುಪ್ಪಟ್ಟು ಮಾಡುತ್ತ ಒಟ್ಟು ಏಳು ಸಲ ಕೂಗಿ, 32ಕ್ಕೆ ಕೈಬಿಡುತ್ತದೆ.

ಎರಡೂ ಕಡೆ ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಹಾಕಿದೆ. ಇಲ್ಲಿಂದ ಏಳು ಇನ್ವೈಟ್ ಹೊರಟವು. ಬ್ರಾಂಚಿನ ಸರ್ವರಿನ ಕ್ಯಾಪ್ಚರ್‌ನಲ್ಲೂ ಏಳು ಕಂಡವು. ಆದರೆ ಅಲ್ಲಿನ ಪಿಬಿಎಕ್ಸ್ ಲಾಗ್‌ನಲ್ಲಿ ಒಂದೂ ಇಲ್ಲ! ಗೇಟಿನವರೆಗೆ ಬಂದ ನೆಂಟ ಮನೆಯೊಳಗೆ ಬಂದಿಲ್ಲ. ಸಿಪ್ ಬಳಸುವ ಪೋರ್ಟ್ 5060 ಮಾತ್ರ ತೋರಿಸು ಎಂಬ ಫಿಲ್ಟರ್ ತೆಗೆದು ಮತ್ತೆ ನೋಡಿದಾಗ, ಕಾಲ್ ಮಾಡಿ 30 ಸೆಕೆಂಡಾದ ಮೇಲೆ ಬ್ರಾಂಚಿನ ಸರ್ವರ್ ಒಂದು ಐಸಿಎಂಪಿ (ನೆಟ್‌ವರ್ಕ್ ದೂರಿನ ಸಂದೇಶ) ವಾಪಸ್ ಕಳಿಸುತ್ತಿತ್ತು: ‘ಐಪಿ ರೀಅಸೆಂಬ್ಲಿ ಟೈಮ್ ಎಕ್ಸೀಡೆಡ್’. ಅಂದರೆ ದೊಡ್ಡದಾಗಿ ದಾರಿಯಲ್ಲಿ ತುಂಡಾದ ಪ್ಯಾಕೆಟ್ಟಿನ ಮೊದಲ ತುಂಡು ಬಂದಿದೆ, ಎರಡನೆಯದಕ್ಕೆ ಕಾದು ಕಾದು ಸಾಕಾಗಿದೆ.

ಎರಡನೇ ತುಂಡಿನಲ್ಲಿ ಯುಡಿಪಿ ಹೆಡರ್ ಇರುವುದಿಲ್ಲ, ಅಂದರೆ ಪೋರ್ಟ್ ನಂಬರೂ ಇಲ್ಲ. 5060ಕ್ಕೆ ಮಾತ್ರ ಬಾಗಿಲು ತೆರೆದಿದ್ದ ಬ್ರಾಂಚ್ ಫೈರ್‌ವಾಲ್ ಅದನ್ನು ಗುರುತು ಸಿಗದೆ ಎಸೆಯುತ್ತಿತ್ತು. ತುಂಡಾಗದ ಪಿಂಗ್ ಕಳಿಸಿ ಅಳೆದೆ: 1372 ಬೈಟ್ ಹೋಯಿತು, 1373 ಹೋಗಲಿಲ್ಲ. 28 ಬೈಟ್ ಹೆಡರ್ ಸೇರಿಸಿದರೆ ಟನಲ್ಲಿನ ಎಂಟಿಯು, ಅಂದರೆ ತುಂಡಾಗದೆ ದಾಟುವ ಅತಿ ದೊಡ್ಡ ಪ್ಯಾಕೆಟ್, 1400. ಟ್ರಂಕ್ ಮಾತ್ರ ಇಷ್ಟು ದಿನವೂ ಹಸಿರು ತೋರಿಸುತ್ತಿತ್ತು. ಅದು ಜೀವ ಇದೆಯಾ ಎಂದು ಕೇಳಲು ಕಳಿಸುವ ಆಪ್ಷನ್ಸ್ ಚಿಕ್ಕ ಪ್ಯಾಕೆಟ್, ಸಲೀಸಾಗಿ ದಾಟುತ್ತದೆ.

ಸರಿ, ಅಕೌಂಟ್ಸ್ ಒಂದರದೇ ಇನ್ವೈಟ್ ಯಾಕೆ ಅಷ್ಟು ದಪ್ಪ? ರಿಸೆಪ್ಷನ್ನಿನದನ್ನೂ ಅದನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ನಾಚಿಕೆಯಾಯಿತು. ಎರಡು ವಾರ ಹಿಂದೆ ಎಕ್ಸ್‌ಟೆನ್ಷನ್ ಹೆಸರುಗಳನ್ನೆಲ್ಲ ಹೆಮ್ಮೆಯಿಂದ ಕನ್ನಡಕ್ಕೆ ಬದಲಿಸಿದವನು ನಾನೇ. ಅಕ್ಷರಗಳನ್ನು ಬೈಟ್ ಮಾಡುವ ಯುಟಿಎಫ್-8ರಲ್ಲಿ ಕನ್ನಡದ ಅಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ವಿರಾಮ (್) ಒಂದೊಂದಕ್ಕೂ 3 ಬೈಟ್. ಇಂಗ್ಲಿಷಿನಲ್ಲಿ 8 ಬೈಟಿದ್ದ ಅಕೌಂಟ್ಸ್, ‘ಅಕೌಂಟ್ಸ್ ವಿಭಾಗ’ ಆಗಿ 40 ಬೈಟ್ ಆಗಿತ್ತು. ಫ್ರಮ್, ಪಿ-ಅಸರ್ಟೆಡ್-ಐಡೆಂಟಿಟಿ, ರಿಮೋಟ್-ಪಾರ್ಟಿ-ಐಡಿ, ಕಾಲ್ ಮಾಡಿದವರು ಯಾರೆಂದು ಹೇಳುವ ಮೂರು ಹೆಡರಿನಲ್ಲೂ ಅದೇ ಹೆಸರು. 1310 ಬೈಟ್ ಇದ್ದ ಇನ್ವೈಟ್ 1406! ರಿಸೆಪ್ಷನ್ನಿನ ‘ಸ್ವಾಗತ’ 18 ಬೈಟ್, ಬಚಾವ್. ‘ಮಾನವ ಸಂಪನ್ಮೂಲ’ಕ್ಕೂ ಇದೇ ಗತಿಯಾಗಿತ್ತು, ಅವರು ದೂರು ಕೊಡದೆ ಮೊಬೈಲಿನಲ್ಲೇ ಸುಧಾರಿಸಿಕೊಂಡಿದ್ದರು.

ಪೂರ್ತಿ ತಪ್ಪು ಕನ್ನಡದ ಮೇಲೆ ಹೊರಿಸಲಾರೆ. ದಾರಿಯ ಎಂಟಿಯು ಗೊತ್ತಿಲ್ಲದಾಗ 1300 ಬೈಟ್ ಮೀರಿದ ರಿಕ್ವೆಸ್ಟನ್ನು ಟಿಸಿಪಿಯಂಥದ್ದರಲ್ಲೇ (ತಾನೇ ಸಂದೇಶವನ್ನು ತುಂಡು ಮಾಡಿ, ತಲುಪಿತೇ ಎಂದು ನೋಡುವ ವಿಧಾನ) ಕಳಿಸಬೇಕು ಎಂದು ಸಿಪ್‌ನ ನಿಯಮಪುಸ್ತಕವಾದ 2002ರ ಆರ್‌ಎಫ್‌ಸಿ 3261 ಹೇಳುತ್ತದೆ. ನಾವು ಮೊದಲೇ ಆ ಗೆರೆ ದಾಟಿದ್ದೆವು, ದನಿಯನ್ನು ಡೇಟಾ ಮಾಡುವ, ಯಾರೂ ಬಳಸದ ಕೋಡೆಕ್‌ಗಳ ಪಟ್ಟಿಯನ್ನೆಲ್ಲ ಹೊತ್ತುಕೊಂಡು. ಅವತ್ತೇ ಜಿ.711, ಜಿ.729 ಎರಡನ್ನು ಉಳಿಸಿ ಮಿಕ್ಕದ್ದು ತೆಗೆದೆ, ರಿಮೋಟ್-ಪಾರ್ಟಿ-ಐಡಿ ನಿಲ್ಲಿಸಿದೆ. ವಾರಾಂತ್ಯದಲ್ಲಿ ಫೈರ್‌ವಾಲ್ ತೆರೆದು ಟ್ರಂಕನ್ನೇ ಟಿಸಿಪಿಗೆ ಬದಲಿಸಿದೆ. ಕನ್ನಡ ಹೆಸರು ತೆಗೆಯಲಿಲ್ಲ.

ಅಕೌಂಟ್ಸ್‌ನಿಂದ ಕಾಲ್ ಮಾಡಿ, ಹೆಸರು ಸರಿಯಾಗಿ ಕಾಣ್ತಿದೆಯಾ ಎಂದು ಬ್ರಾಂಚಿನವರನ್ನು ಕೇಳಿದೆ. "ಯಾವ ಹೆಸರು ಸರ್? ಎರಡು ವಾರದಿಂದ ಬರೀ ಚೌಕಗಳು ಬರ್ತಿವೆ. ನೀವೇ ಏನೋ ಮಾಡ್ತಿದ್ದೀರಿ ಅಂತ ಸುಮ್ಮನಿದ್ವಿ."