ಬೀರುವಿನ ಬೀಗ ತೆಗೆದು ಮೂರು ವರ್ಷ
ನಮ್ಮ ಶಾಲೆಯ ಪುಸ್ತಕದ ಬೀರುವಿಗೆ ಬೀಗ ಹಾಕುವುದನ್ನು ನಿಲ್ಲಿಸಿ ಮೂರು ವರ್ಷ ಆಯಿತು. ಇದ್ದ ಪುಸ್ತಕ ಸುಮಾರು 420. ಕಳೆದದ್ದು ಹದಿನಾಲ್ಕೋ ಹದಿನೈದೋ, ಅಷ್ಟೇ. "ಒಂದೇ ವರ್ಷಕ್ಕೆ ಬೀರು ಖಾಲಿ ಆಗುತ್ತೆ ಸಾರ್, ಚಾರ್ಜ್ ಕೊಡುವಾಗ ನಿಮ್ಮ ಸಂಬಳದಿಂದ ಕಟ್ಟಬೇಕಾಗುತ್ತೆ" ಎಂದವರಿಗೆಲ್ಲ ಈ ಲೆಕ್ಕ ತೋರಿಸಿದ್ದೇನೆ.

ನಮ್ಮದು ಚಿತ್ರದುರ್ಗ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳು ತೊಂಬತ್ತರ ಆಸುಪಾಸು. ಹೆಚ್ಚುಕಡಿಮೆ ಅರ್ಧ ಮಕ್ಕಳು ತಾಂಡಾದವರು, ಮನೆಮಾತು ಲಂಬಾಣಿ.

ಮೊದಲು ಶನಿವಾರದ ಕೊನೇ ಪಿರಿಯಡ್ಡನ್ನು ಲೈಬ್ರರಿಗೆ ಇಟ್ಟೆ. ಮಕ್ಕಳ ಕಣ್ಣು ಪುಸ್ತಕದಲ್ಲಿ, ಕಿವಿ ಗಂಟೆಯ ಕಡೆ. ಆಮೇಲೆ ಸ್ಪರ್ಧೆ ಮಾಡಿದೆ. ಜಾಸ್ತಿ ಓದಿದವರಿಗೆ ಜಾಮಿಟ್ರಿ ಬಾಕ್ಸ್. ಬಹುಮಾನಕ್ಕೆ 600 ರೂಪಾಯಿ ಹೋಯಿತು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಒಂದೇ ವಾರದಲ್ಲಿ 32 ಪುಸ್ತಕ ಮುಗಿಸಿದಳು. ಒಂದರ ಕಥೆ ಹೇಳಮ್ಮ ಎಂದರೆ ಮುಖಪುಟದ ಚಿತ್ರ ಹೇಳಿದಳು. ತಪ್ಪು ಅವಳದ್ದಲ್ಲ, ನಾನು ಕೇಳಿದ್ದೇ ಎಣಿಕೆ. ಮೂರನೆಯದಾಗಿ, ಓದಿದ ಮೇಲೆ ಐದು ಸಾಲು ಬರೆಯಿರಿ ಎಂದೆ. ಮುಂದಿನ ತಿಂಗಳೇ ಪುಸ್ತಕ ಒಯ್ಯುವವರು ಅರ್ಧಕ್ಕೆ ಇಳಿದರು.

ಕೊನೆಗೆ ಕೆಲಸಕ್ಕೆ ಬಂದದ್ದು ಒತ್ತಕ್ಷರದ ಲೆಕ್ಕ. ದಸರಾ ರಜೆಯಲ್ಲಿ ಕುಳಿತು ಒಂದೊಂದೇ ಪುಸ್ತಕ ಓದಿದೆ. ಒತ್ತಕ್ಷರ ಪುಟಕ್ಕೆ ಒಂದೆರಡಷ್ಟೇ ಇದ್ದರೆ ಹಸಿರು ಚುಕ್ಕಿ. ಅಕ್ಕ, ಅಮ್ಮ, ಹಳ್ಳ ಥರದ ಸಜಾತಿ ಒತ್ತು ಬೇಕಾದಷ್ಟಿದ್ದರೆ ಹಳದಿ. ರಾಷ್ಟ್ರ, ಪುಸ್ತಕ, ಆಶ್ಚರ್ಯ ಬಂದರೆ ಕೆಂಪು. ಪುಸ್ತಕದ ಹಿಂದೆ ಎಷ್ಟನೇ ತರಗತಿಗೆ ಅಂತ ಅಚ್ಚಾಗಿದ್ದರೂ ಅದನ್ನು ನೋಡಲೇ ಇಲ್ಲ. ನಾಲ್ಕನೇ ಕ್ಲಾಸಿನ ಮಗು ಎಲ್ಲಿ ತೊದಲುತ್ತೆ ಅಂತ ನಮಗೆ ಗೊತ್ತಲ್ವಾ? ಚುಕ್ಕಿ ಸ್ಟಿಕ್ಕರಿಗೆ 80 ರೂಪಾಯಿ.

ತೊಂದರೆ ಬಂದದ್ದು ದೊಡ್ಡವರಿಂದ. ಏಳನೇ ಕ್ಲಾಸಿನ ಹುಡುಗ ಹಸಿರು ಮುಟ್ಟಲ್ಲ, ನಾಚಿಕೆ. ಕೆಂಪು ಹಿಡಿದು ಸುಮ್ನೆ ಕೂರುತ್ತಾನೆ. ಅದಕ್ಕೆ ದೊಡ್ಡ ಮಕ್ಕಳಿಗೆ ನಲಿ-ಕಲಿ (ಒಂದರಿಂದ ಮೂರನೇ ಕ್ಲಾಸು) ಮಕ್ಕಳ ಜೊತೆ ಜೋಡಿ ಮಾಡಿದೆ. ಬುಧವಾರ ಊಟದ ನಂತರ ಚಿಕ್ಕವರಿಗೆ ಓದಿ ಹೇಳಬೇಕು. ಹೇಳಬೇಕೆಂದರೆ ಹಿಂದಿನ ದಿನ ಹಸಿರು ಪುಸ್ತಕ ಮನೆಗೊಯ್ದು ಓದಲೇಬೇಕು. ಸುಲಭದ್ದು ಓದುತ್ತಿದ್ದಾನೆ ಅಂತ ಯಾರೂ ನಗಲಿಲ್ಲ.

ಬೀರುವಿನೊಳಗೆ ತೆಳು ಪುಸ್ತಕ ಕಾಣುವುದೇ ಇಲ್ಲ. ಗೋಡೆಗೆ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ ನೇತುಹಾಕಿದೆವು. ನಾಲ್ಕು ಡಜನ್ ಕ್ಲಿಪ್, ಹಗ್ಗ ಸೇರಿ 250 ಆಗಿರಬೇಕು. ರಿಜಿಸ್ಟರಿನಲ್ಲಿ ಮೊದಲು ಏಳು ಕಾಲಂ ಇತ್ತು, ಈಗ ಮೂರೇ: ಹೆಸರು, ನಂಬರ್, ತಾರೀಖು. ಬರೆಯುವವರು ಶಾಲಾ ಸಂಸತ್ತಿನ ಗ್ರಂಥಾಲಯ ಮಂತ್ರಿ ಮತ್ತು ಅವರ ಇಬ್ಬರು ಸಹಾಯಕರು.

ದಿನಾ ಪ್ರಾರ್ಥನೆ ಆದ ಮೇಲೆ ಐದು ನಿಮಿಷ ಒಂದು ಕಥೆ ಗಟ್ಟಿಯಾಗಿ ಓದುತ್ತೇನೆ. ಅರ್ಧಕ್ಕೆ ನಿಲ್ಲಿಸಿ ಆ ಪುಸ್ತಕವನ್ನು ಹಗ್ಗಕ್ಕೆ ಹಾಕುತ್ತೇನೆ. ಮಧ್ಯಾಹ್ನದೊಳಗೆ ಯಾರೋ ಒಯ್ದಿರುತ್ತಾರೆ. ಯಾವ ಮಾತಿನ ಮೇಲೆ ನಿಲ್ಲಿಸಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಬರೆಯುವುದಿಲ್ಲ, ಶಾಲೆಗೆ ಬಂದು ಕೇಳಿಸಿಕೊಳ್ಳಿ.

ಹರಿದದ್ದಕ್ಕೆ ಮೊದಲು ಸೆಲ್ಲೋಟೇಪ್ ಹಚ್ಚಿದೆ, ವರ್ಷಕ್ಕೆ ಹಳದಿಯಾಗಿ ಬಿಟ್ಟುಕೊಂಡಿತು. ಮೈದಾ ಅಂಟು ಮಾಡಿದರೆ ಹುಳ. ಬೈಂಡಿಂಗಿನವರು ಮೈಲುತುತ್ತ ಸೇರಿಸಿ ಅಂದರು. ಅದು ವಿಷ, ಬೆರಳು ನೆಕ್ಕಿ ಪುಟ ತಿರುಗಿಸುವ ಮಕ್ಕಳ ಪುಸ್ತಕಕ್ಕೆ ಬೇಡವೇ ಬೇಡ. ಈಗ ಫೆವಿಕಾಲ್ ಮತ್ತು ಹಳೇ ಪಂಚೆಯ ಪಟ್ಟಿ.

ಇನ್ನೊಂದು ಪ್ರಯೋಗ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಪ್ರಿಂಟ್ ಹಾಕಬಹುದು. ಕಲರಿಗೆ ಪುಟಕ್ಕೆ ಹತ್ತು ರೂಪಾಯಿ ಕೇಳಿದರು. ಎರಡು ರೂಪಾಯಿಯ ಕಪ್ಪುಬಿಳುಪು ಹಾಕಿಸಿದೆ, ಬಣ್ಣ ಮಕ್ಕಳೇ ತುಂಬಿದರು. ಪ್ರತಿ ಸಾಲಿನ ಕೆಳಗೆ ತಾಂಡಾದ ಮಕ್ಕಳು ಕನ್ನಡ ಲಿಪಿಯಲ್ಲೇ ಲಂಬಾಣಿ ಬರೆದರು. ಅಮ್ಮ ಇದ್ದಲ್ಲಿ ಯಾಡಿ, ರೊಟ್ಟಿ ಇದ್ದಲ್ಲಿ ಬಾಟಿ. ಒಬ್ಬ ಅಜ್ಜಿ ಶಾಲೆಯ ಕಟ್ಟೆ ಮೇಲೆ ಕುಳಿತು ಕೇಳಿ ತಿದ್ದಿದರು. ಒಂದನೇ ಕ್ಲಾಸಿನಲ್ಲಿ ಬಾಯಿಯೇ ಬಿಡದಿದ್ದ ಮಗು ಆ ಪುಸ್ತಕ ಹಿಡಿದು ಇಡೀ ಕ್ಲಾಸಿಗೆ ಹೇಳಿತು. ಅವತ್ತು ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಅಂಥ ಹನ್ನೊಂದು ಪುಸ್ತಕ ಈಗ ನಮ್ಮಲ್ಲಿವೆ.

ದೊಡ್ಡವರಿಗೆ ನಮ್ಮ ಕೆಂಪು ಚುಕ್ಕಿ ಸಾಲದಾಯಿತು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಪಂಚಾಯ್ತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಆರು, ಏಳನೇ ಕ್ಲಾಸನ್ನು ನಡೆಸಿಕೊಂಡು ಹೋಗಿ ಎಲ್ಲರಿಗೂ ಕಾರ್ಡ್ ಮಾಡಿಸಿದೆ.

ಒಟ್ಟು ಖರ್ಚು 2,500 ದಾಟಿಲ್ಲ. ಲೈಬ್ರರಿ ಅನುದಾನ ಪುಸ್ತಕಕ್ಕೇ ಹೋಗುತ್ತೆ, ಕ್ಲಿಪ್ಪಿಗೆ ಬರಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಸಾವಿರ ಕೊಟ್ಟರು, ಉಳಿದದ್ದು ನನ್ನ ಕೈಯಿಂದ.

ದೀಪಾವಳಿ ಕಳೆದ ಮೇಲೆ ತಾಂಡಾದ ಕೆಲವು ಮನೆಯವರು ಕಾಫಿ ಕೊಯ್ಲಿಗೆ ಮಲೆನಾಡಿಗೆ ಹೋಗುತ್ತಾರೆ. ಈ ಸಲ ನಾಲ್ಕನೇ ಕ್ಲಾಸಿನ ಹುಡುಗಿಯ ಜೊತೆ ಎರಡು ಹಳದಿ ಪುಸ್ತಕ ಹೋಗಿವೆ. "ಕಳೆದದ್ದು ಅಂತ ಬರೆಯೋದಾ ಸಾರ್?" ಎಂದು ಮಂತ್ರಿ ಕೇಳಿದ. ಬೇಡ ಎಂದೆ. ಅವಳ ಹೆಸರಿನ ಮುಂದೆ ವಾಪಸಿನ ತಾರೀಖಿಗೆ ಜಾಗ ಬಿಟ್ಟಿದ್ದೇವೆ.